ಮಗಳು ಪ್ರಿ-ಮೆಡ್, ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್: ಮುಂದಿನ ಸೆಮಿಸ್ಟರ್ ಏನು ತೆಗೆದುಕೊಳ್ಳಬೇಕು?

ಎಕ್ಸೆಲ್ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಹೈಸ್ಕೂಲಿನಿಂದಲೂ ಡಾಕ್ಟರ್ ಆಗಬೇಕು ಅಂತಾನೇ ಹೇಳಿಕೊಂಡು ಬಂದವಳು. ಅದಕ್ಕೇ ಪ್ರಿ-ಮೆಡ್, ಅಂದ್ರೆ ಡಿಗ್ರಿ ಮುಗಿಸಿ ಮೆಡಿಕಲ್ ಸ್ಕೂಲಿಗೆ ಹೋಗುವ ತಯಾರಿ. ಫಾಲ್ ಸೆಮಿಸ್ಟರಿನಲ್ಲಿ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಕ್ಯಾಲ್ಕುಲಸ್, ಇಂಗ್ಲಿಷ್, ಜೊತೆಗೆ ಎರಡು ಲ್ಯಾಬ್, ಒಟ್ಟು 17 ಕ್ರೆಡಿಟ್ ತೆಗೆದುಕೊಂಡಳು. ಮೊನ್ನೆ ಗ್ರೇಡ್ ಬಂತು. ಬಯಾಲಜಿ ಬಿ, ಕೆಮಿಸ್ಟ್ರಿ ಸಿ ಪ್ಲಸ್. ರಜೆಗೆ ಮನೆಗೆ ಬಂದವಳು ಎರಡು ದಿನ ರೂಮಿನಿಂದ ಆಚೆ ಬರಲಿಲ್ಲ.

ಅಡ್ವೈಸರ್ ಹತ್ತಿರ ಹೋದರೆ ಕಾಲು ಗಂಟೆ ಮಾತಾಡಿ ಒಂದು ಚೆಕ್‌ಲಿಸ್ಟ್ ಕೈಗೆ ಕೊಟ್ಟು ಕಳಿಸಿದ್ದಾರೆ. ನಾನೇ ಕೂತು ಎಂಟು ಸೆಮಿಸ್ಟರಿಗೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ. ಬಣ್ಣ ಬಣ್ಣವಾಗಿದೆ, ನಗಬೇಡಿ.

ಕೆಮಿಸ್ಟ್ರಿ ಮತ್ತೆ ತೆಗೆದುಕೊಳ್ಳಬೇಕಾ? ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಬೇಸಿಗೆಯಲ್ಲಿ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿಬಿಟ್ಟರೆ ಹೇಗೆ? ಅವಳಿಗೆ ಸೈಕಾಲಜಿ ಇಷ್ಟ, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಅದನ್ನೇ ಮಾಡಲಾ ಅಂತಾಳೆ. ಬಯಾಲಜಿ ಬಿಟ್ಟರೆ ಮೆಡಿಕಲ್ ಸ್ಕೂಲಿನವರು ಏನಂದುಕೊಳ್ಳುತ್ತಾರೋ ಅಂತ ನನಗೆ ಭಯ. ಅನುಭವ ಇರುವವರು ದಯವಿಟ್ಟು ಹೇಳಿ.

ಗುಬ್ಬಚ್ಚಿ
ಮೊದಲ ಸೆಮಿಸ್ಟರಿಗೇ 17 ಕ್ರೆಡಿಟ್ಟಾ? ಎರಡು ಲ್ಯಾಬ್ ಬೇರೆ! ಯಾರ ಐಡಿಯಾ ರೀ ಅದು?

ಎಕ್ಸೆಲ್ ಅಪ್ಪ
ನನ್ನದೇ.

ಬಿಳಿಕೋಟು
ಸಾರ್, ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಇಂಟರ್ನಲ್ ಮೆಡಿಸಿನ್ ಡಾಕ್ಟರ್. ಕೆಲವು ವರ್ಷ ಮೆಡಿಕಲ್ ಸ್ಕೂಲಿನ ಇಂಟರ್‌ವ್ಯೂಗಳಲ್ಲಿ ಆಚೆ ಬದಿ ಕೂತವಳು. ಮೊದಲ ಸೆಮಿಸ್ಟರಿನ ಒಂದು ಸಿ ಪ್ಲಸ್ ನೋಡಿ ಯಾರೂ ಅರ್ಜಿ ಪಕ್ಕಕ್ಕಿಡಲ್ಲ. ಅದೇ ಥರದ ಗ್ರೇಡು ಮೂರನೇ ವರ್ಷದಲ್ಲೂ ಕಂಡರೆ ಇಡುತ್ತಾರೆ.

ಸಿ ಪ್ಲಸ್ ಬಂದ ಕೋರ್ಸನ್ನು ಮತ್ತೆ ತೆಗೆದುಕೊಳ್ಳುವುದು ಬೇಡ. ಹೆಚ್ಚಿನ ಎಂಡಿ (ಇಲ್ಲಿನ ಡಾಕ್ಟರ್ ಡಿಗ್ರಿ) ಕಾಲೇಜುಗಳ ಅರ್ಜಿ ಹೋಗುವುದು ಆಮ್‌ಕ್ಯಾಸ್ ಅನ್ನೋ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ. ಅವರು ಎರಡೂ ಗ್ರೇಡನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಯೂನಿವರ್ಸಿಟಿ ಹಳೇದನ್ನು ಅಳಿಸಿದರೂ ಇವರು ಅಳಿಸಲ್ಲ. ಅದೇ ಪಾಠ ಮತ್ತೆ ಕೇಳಿ ಎ ತಂದರೆ "ಎರಡನೇ ಸಲ ತಾನೇ" ಅಂತಾರೆ. ಕೆಮಿಸ್ಟ್ರಿ 2ರಲ್ಲಿ ಎ ತಂದರೆ ಅದರ ತೂಕವೇ ಬೇರೆ. ಸಿ ಮೈನಸ್ ಬಂದಿದ್ದರೆ ಬೇರೆ ಮಾತು, ಸಿಗಿಂತ ಕೆಳಗಿನದು ತುಂಬಾ ಕಡೆ ನಡೆಯಲ್ಲ.

ಆದರೆ ಯಾಕೆ ಸಿ ಪ್ಲಸ್ ಬಂತು ಅಂತ ಕೂತು ನೋಡಿ. ಸಮಯ ಸಾಲದೆ ಬಂದಿದ್ದರೆ ಪರವಾಗಿಲ್ಲ. ಅಣುವಿನ ಚಿತ್ರ ಬರೆದು ಎಲೆಕ್ಟ್ರಾನ್ ಯಾವ ಕಡೆ ವಾಲುತ್ತದೆ ಅಂತ ಹೇಳೋಕೆ ಬರ್ತಾ ಇಲ್ಲ ಅಂದ್ರೆ ಈಗಲೇ ಸರಿ ಮಾಡಿಕೊಳ್ಳಲಿ. ಆರ್ಗ್ಯಾನಿಕ್ ಪೂರ್ತಿ ನಿಂತಿರುವುದೇ ಅದರ ಮೇಲೆ.

ಚಿಲ್ಲರೆ ಮಾತು
ಡಿಒ (ಆಸ್ಟಿಯೋಪಥಿಕ್, ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಕಾಲೇಜುಗಳು ಎರಡನೇ ಗ್ರೇಡ್ ಮಾತ್ರ ನೋಡುತ್ತವೆ. ನಮ್ಮ ಅಣ್ಣನ ಮಗ ಹಾಗೇ ಸೀಟು ಗಿಟ್ಟಿಸಿಕೊಂಡ.

ಬಿಳಿಕೋಟು
ಅದು ಹಳೇ ಕಥೆ. ಡಿಒದವರು 2017ರಲ್ಲೇ ನಿಲ್ಲಿಸಿದರು. ಈಗ ಅಲ್ಲೂ ಎರಡೂ ಲೆಕ್ಕಕ್ಕೆ ಬರುತ್ತವೆ.

ಚಿಲ್ಲರೆ ಮಾತು
ಓ, ಅವನು ಸೇರಿದ್ದು ಅದಕ್ಕೂ ಮುಂಚೆ. ಸಾರಿ.

ಜೂನಿಯರ್ ಹುಡುಗಿ
ಅಂಕಲ್, ನಾನೇ ಪ್ರಿ-ಮೆಡ್, ಮೂರನೇ ವರ್ಷ. ಅಮ್ಮನ ಫೋನಿನಲ್ಲಿ ಇದನ್ನು ನೋಡಿ ಸುಮ್ನಿರೋಕೆ ಆಗಲಿಲ್ಲ. ಕನ್ನಡ ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ.

ನಿಮ್ಮ ಶೀಟಿನಲ್ಲಿ ಉಳಿದ ಕೋರ್ಸುಗಳನ್ನು ಆಚೆ ಈಚೆ ಮಾಡಬಹುದು, ಕೆಮಿಸ್ಟ್ರಿಯನ್ನು ಆಗಲ್ಲ. ಜನರಲ್ 1, ಜನರಲ್ 2, ಆರ್ಗ್ಯಾನಿಕ್ 1, ಆರ್ಗ್ಯಾನಿಕ್ 2, ಆಮೇಲೆ ಬಯೋಕೆಮಿಸ್ಟ್ರಿ. ಒಂದು ಮುಗಿಯದೆ ಮುಂದಿನದಕ್ಕೆ ಬಿಡಲ್ಲ. ಐದು ಬೋಗಿಯ ರೈಲು ಅದು. ಆರ್ಗ್ಯಾನಿಕ್ 1 ನಮ್ಮಲ್ಲಿ ಫಾಲ್‌ನಲ್ಲಿ ಮಾತ್ರ ಇರುತ್ತದೆ, ತಪ್ಪಿದರೆ ಒಂದು ವರ್ಷ ಹೋಯಿತು. ಹಾಗಾಗಿ ಈ ಐದನ್ನು ಮೊದಲು ಕೂರಿಸಿ, ಆಮೇಲೆ ಉಳಿದದ್ದನ್ನು ಸಂದಿಯಲ್ಲಿ ತುಂಬಿ. ಫಿಸಿಕ್ಸ್‌ಗೆ ಅವಸರ ಇಲ್ಲ. ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ಬರೆಯುವ ಹೊತ್ತಿಗೆ ಮುಗಿದಿದ್ದರೆ ಸಾಕು.

ಆರ್ಗ್ಯಾನಿಕ್, ಫಿಸಿಕ್ಸ್ ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ಮಾತ್ರ ಹಾಕಬೇಡಿ. ನಾನು ಹಾಕಿ ಅನುಭವಿಸಿದ್ದೇನೆ. ಮಂಗಳವಾರ ಮಧ್ಯಾಹ್ನ 1ರಿಂದ 5 ಆರ್ಗ್ಯಾನಿಕ್ ಲ್ಯಾಬ್, 6ರಿಂದ 9 ಫಿಸಿಕ್ಸ್ ಲ್ಯಾಬ್. ಒಂದು ದಿನ ರೀಕ್ರಿಸ್ಟಲೈಸೇಶನ್, ಅಂದ್ರೆ ಕರಗಿಸಿದ್ದನ್ನು ಮತ್ತೆ ಹರಳಾಗಿಸುವ ಪ್ರಯೋಗ ಇತ್ತು. ಐಸಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕಾಯುತ್ತಿದ್ದೇನೆ, ಹರಳೇ ಬರ್ತಾ ಇಲ್ಲ. ಪಕ್ಕದವರೆಲ್ಲ ತೂಕ ಮಾಡಿ, ಕೈ ತೊಳೆದು ಹೊರಟರು. ಟಿಎ (ಲ್ಯಾಬ್ ಕಲಿಸುವ ಸಹಾಯಕರು) ಬಂದು "ಗಾಜಿನ ಕಡ್ಡಿಯಲ್ಲಿ ಒಳಗೋಡೆ ಕೆರೆ" ಅಂದರು. ಕೆರೆದೆ, ಕೆರೆದೆ. 5:40ಕ್ಕೆ ತಳದಲ್ಲಿ ಬೆಳ್ಳಗೆ ಏನೋ ಮಂಜು ಕಟ್ಟಿದ ಹಾಗೆ ಆಯಿತು, ನೋಡುತ್ತಿದ್ದಂತೆ ಫ್ಲಾಸ್ಕ್ ಪೂರ್ತಿ ಹರಳು. ಅಷ್ಟು ಖುಷಿಯಾಗಿದ್ದು ಆ ಸೆಮಿಸ್ಟರಿನಲ್ಲಿ ಅದೊಂದೇ ಸಲ. ಆಮೇಲೆ ಊಟ ಬಿಟ್ಟು ಫಿಸಿಕ್ಸ್ ಲ್ಯಾಬಿಗೆ ಓಡಿದೆ. ಕೊನೆಗೆ ಎರಡರಲ್ಲೂ ಬಿ ಮೈನಸ್.

ಕ್ಯಾಟಲಾಗಿನಲ್ಲಿ ಲ್ಯಾಬಿಗೆ 1 ಕ್ರೆಡಿಟ್ ಅಂತ ಇರುತ್ತದೆ. ತಿನ್ನುವುದು ವಾರಕ್ಕೆ ನಾಲ್ಕು ಗಂಟೆ, ರಿಪೋರ್ಟ್ ಬರೆಯಲು ಇನ್ನೊಂದು ರಾತ್ರಿ. ಕ್ರೆಡಿಟ್ ಎಣಿಸಬೇಡಿ ಅಂಕಲ್, ಲ್ಯಾಬ್ ಎಣಿಸಿ.

ಎಕ್ಸೆಲ್ ಅಪ್ಪ
ಅಯ್ಯೋ. ನನ್ನ ಶೀಟಿನಲ್ಲಿ ಎರಡನೇ ವರ್ಷ ಆರ್ಗ್ಯಾನಿಕ್, ಫಿಸಿಕ್ಸ್ ಎರಡೂ ಒಟ್ಟಿಗೇ ಇವೆ. ಮೂರನೆಯದು ಬಯಾಲಜಿ ಲ್ಯಾಬ್.

ಗುಬ್ಬಚ್ಚಿ
ಆ ಶೀಟ್ ಡಿಲೀಟ್ ಮಾಡಿ ಸಾರ್.

ಹಳೇ ಇಂಜಿನಿಯರ್
ಮೇಜರ್ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಬಯಾಲಜಿಯೇ ಮಾಡಿಸಿ. ಸೈಕಾಲಜಿ ಓದಿದವಳನ್ನು ಮೆಡಿಕಲ್ ಸ್ಕೂಲು ಯಾಕೆ ತೆಗೆದುಕೊಳ್ಳುತ್ತದೆ? ಪ್ರಿ-ಮೆಡ್ ಮೇಜರ್ ಅಂದ್ರೇನೇ ಬಯಾಲಜಿ.

ಕಾಫಿ ಮೂರು ಲೋಟ
ಪ್ರಿ-ಮೆಡ್ ಅನ್ನೋದು ಮೇಜರ್ರೇ ಅಲ್ಲ ಸ್ವಾಮಿ. ಅದೊಂದು ಕೋರ್ಸುಗಳ ಪಟ್ಟಿ. ಪಟ್ಟಿ ಮುಗಿಸಿ ಸಂಗೀತದಲ್ಲಿ ಡಿಗ್ರಿ ಮಾಡಿದರೂ ಅರ್ಜಿ ಹಾಕಬಹುದು. ಇನ್ನೊಂದು, 2015ರಿಂದ ಎಂಕ್ಯಾಟ್‌ನಲ್ಲಿ ನಾಲ್ಕರಲ್ಲಿ ಒಂದು ಭಾಗ ಸೈಕಾಲಜಿ, ಸೋಶಿಯಾಲಜಿಯದ್ದೇ. 230 ಪ್ರಶ್ನೆಯಲ್ಲಿ 59. ಆ ಹುಡುಗಿಗೆ ಇಷ್ಟವಾದ ವಿಷಯ ಪರೀಕ್ಷೆಯಲ್ಲೇ ಕೂತಿದೆ, ಬಿಡಿಸೋದು ಯಾಕೆ?

ಈ ಕೆಮಿಸ್ಟ್ರಿ, ಫಿಸಿಕ್ಸ್ ಪಟ್ಟಿಯ ಹಿಂದೆ ನೂರು ವರ್ಷದ ಕಥೆ ಇದೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾದ ಮೆಡಿಕಲ್ ಕಾಲೇಜುಗಳನ್ನೆಲ್ಲ ಸುತ್ತಿ ವರದಿ ಬರೆದರು. ಹೈಸ್ಕೂಲು ಮುಗಿಸದವರನ್ನೂ ಫೀಸು ಕಟ್ಟಿದರೆ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಮೊದಲು ಕಾಲೇಜಿನಲ್ಲಿ ವಿಜ್ಞಾನ ಓದಿ ಬರಲಿ ಅನ್ನುವುದು ಅಲ್ಲಿಂದ ಗಟ್ಟಿಯಾಯಿತು. ತಮಾಷೆ ಏನಂದ್ರೆ ಫ್ಲೆಕ್ಸ್‌ನರ್ ಡಾಕ್ಟರೇ ಅಲ್ಲ, ಸ್ಕೂಲ್ ಮೇಷ್ಟ್ರು.

ಹಳೇ ಇಂಜಿನಿಯರ್
ಸರಿ, ಮೆಡಿಕಲ್ ಸಿಗಲಿಲ್ಲ ಅಂದ್ರೆ? ಸೈಕಾಲಜಿ ಬಿಎ ಇಟ್ಟುಕೊಂಡು ಏನು ಮಾಡ್ತಾಳೆ?

ಕಾಫಿ ಮೂರು ಲೋಟ
ಬಯಾಲಜಿ ಬಿಎಸ್ ಇಟ್ಟುಕೊಂಡು ಏನು ಮಾಡ್ತಾಳೆ? ಅದಕ್ಕೂ ಉತ್ತರ ಕೊಡಿ.

ಬಿಳಿಕೋಟು
ಇಬ್ಬರೂ ಸ್ವಲ್ಪ ನಿಲ್ಲಿಸಿ. ಎಂಡಿಗೆ ವರ್ಷಕ್ಕೆ ಸುಮಾರು 52,000ದಿಂದ 55,000 ಜನ ಅರ್ಜಿ ಹಾಕುತ್ತಾರೆ, ಸೇರುವವರು 23,000 ಆಸುಪಾಸು. ಸೇರಿದವರ ಸರಾಸರಿ ಜಿಪಿಎ (ಗ್ರೇಡುಗಳ ಸರಾಸರಿ) 4ಕ್ಕೆ 3.8ರ ಹತ್ತಿರ, ಎಂಕ್ಯಾಟ್ 528ಕ್ಕೆ 511-512. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಆ ವರ್ಷ ಸೀಟು ಸಿಗಲ್ಲ. ಹಾಗಾಗಿ "ಸಿಗದಿದ್ದರೆ?" ಅನ್ನೋ ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಬಯಾಲಜಿ ಮೇಜರ್ ಅಲ್ಲ.

ರಾತ್ರಿಪಾಳಿ
ಅಷ್ಟೊತ್ತಿಂದ ಓದುತ್ತಿದ್ದೇನೆ, ಒಬ್ಬರಾದರೂ ಡಾಕ್ಟರ್ ಬಿಟ್ಟು ಬೇರೆ ಹೆಸರು ಎತ್ತುತ್ತೀರಾ ಅಂತ. ನಾನು ನರ್ಸ್, 16 ವರ್ಷದಿಂದ, ಈಗ ಐಸಿಯುನಲ್ಲಿದ್ದೇನೆ. ನಮ್ಮ ಫ್ಲೋರಿನಲ್ಲಿ ಒಂದು ರಾತ್ರಿ ಒಬ್ಬ ರೋಗಿಯ ಸುತ್ತ ನಿಲ್ಲುವವರು ಯಾರು ಗೊತ್ತಾ? ರೆಸ್ಪಿರೇಟರಿ ಥೆರಪಿಸ್ಟ್, ಫಾರ್ಮಸಿಸ್ಟ್, ಪಿಎ (ಫಿಸಿಷಿಯನ್ ಅಸಿಸ್ಟೆಂಟ್), ನಾನು. ಡಾಕ್ಟರ್ ಫೋನಿನಲ್ಲಿರುತ್ತಾರೆ. (ಬಿಳಿಕೋಟು ಅವರೇ, ಕೋಪ ಮಾಡಿಕೊಳ್ಳಬೇಡಿ.)

ಕೋರ್ಸ್ ವಿಷಯಕ್ಕೆ ಬರ್ತೀನಿ. ನರ್ಸಿಂಗ್, ಪಿಎ, ಫಿಸಿಕಲ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಇವೆಲ್ಲ ಕೇಳುವುದು ಅನಾಟಮಿ ಮತ್ತು ಫಿಸಿಯಾಲಜಿ, ಎರಡು ಸೆಮಿಸ್ಟರ್, ಲ್ಯಾಬ್ ಸಮೇತ. ಮೆಡಿಕಲ್ ಸ್ಕೂಲಿನ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರೋದೇ ಇಲ್ಲ! ಆದ್ದರಿಂದ ಪ್ರಿ-ಮೆಡ್ ಮಕ್ಕಳು ನಾಲ್ಕು ವರ್ಷ ಮುಗಿಸಿ, ಮನಸ್ಸು ಬದಲಾಯಿಸಿ, ಪಿಎಗೆ ಅರ್ಜಿ ಹಾಕಲು ಹೋದರೆ ಅನಾಟಮಿ ಇಲ್ಲ, ಮೈಕ್ರೋಬಯಾಲಜಿ ಇಲ್ಲ. ಮತ್ತೆ ಒಂದು ವರ್ಷ. ಮೂರನೇ ವರ್ಷದಲ್ಲಿ ಇವೆರಡನ್ನೂ ಸೇರಿಸಿಕೊಂಡರೆ ನಾಲ್ಕೈದು ಬಾಗಿಲು ತೆರೆದಿರುತ್ತವೆ. ಸ್ಟ್ಯಾಟಿಸ್ಟಿಕ್ಸ್ ಅಂತೂ ಹೆಚ್ಚುಕಡಿಮೆ ಎಲ್ಲ ಕಡೆ ಕೇಳುತ್ತಾರೆ. ಕ್ಯಾಲ್ಕುಲಸ್ ಕೇಳುವವರು ಅದಕ್ಕಿಂತ ಕಡಿಮೆ.

ಎಕ್ಸೆಲ್ ಅಪ್ಪ
ಅಕ್ಕ, ಇದನ್ನು ಯಾರೂ ಹೇಳಿರಲಿಲ್ಲ. ಅಡ್ವೈಸರ್ ಕೊಟ್ಟ ಪಟ್ಟಿಯಲ್ಲೂ ಅನಾಟಮಿ ಇಲ್ಲ.

ತೋಟದ ಮನೆ
ರಾತ್ರಿಪಾಳಿ ಅಕ್ಕ ಹೇಳಿದ್ದು ನಿಜ. ನನ್ನ ಮಗಳು ಡಿಪಿಟಿ (ಫಿಸಿಕಲ್ ಥೆರಪಿ ಡಾಕ್ಟರೇಟ್) ಎರಡನೇ ವರ್ಷ. ಅಲ್ಲೂ ಫಿಸಿಕ್ಸ್ ಕೇಳುತ್ತಾರೆ, ಜೊತೆಗೆ ಥೆರಪಿಸ್ಟ್ ಪಕ್ಕ ನಿಂತು ನೋಡಿದ ಗಂಟೆಗಳ ಲೆಕ್ಕ ಕೇಳುವವರೂ ಇದ್ದಾರೆ. ಎಂಕ್ಯಾಟ್ ಇಲ್ಲ. ಕೆಲವು ಕಡೆ ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆ ಇದೆ.

ಗುಬ್ಬಚ್ಚಿ
ಡೆಂಟಲ್‌ಗೆ? ಫಾರ್ಮಸಿಗೆ? ನನ್ನ ತಮ್ಮ ಕೇಳ್ತಾ ಇದ್ದಾನೆ.

ಜೂನಿಯರ್ ಹುಡುಗಿ
ಡೆಂಟಲ್‌ಗೆ ಡ್ಯಾಟ್ ಅನ್ನೋ ಪರೀಕ್ಷೆ. ಅದರಲ್ಲಿ ಫಿಸಿಕ್ಸ್ ಇಲ್ಲ, ಬದಲಿಗೆ ಆಕಾರಗಳನ್ನು ತಲೆಯಲ್ಲೇ ತಿರುಗಿಸುವ ಭಾಗ ಇದೆ. ಫಾರ್ಮಸಿಯವರ ಪಿಕ್ಯಾಟ್ 2024ರ ಜನವರಿಗೆ ನಿಂತೇ ಹೋಯಿತು. ಕಣ್ಣಿನ ಡಾಕ್ಟರಿಕೆ, ಅಂದ್ರೆ ಆಪ್ಟೊಮೆಟ್ರಿಗೆ ಓಎಟಿ, ಅದರಲ್ಲಿ ಫಿಸಿಕ್ಸ್ ಇದೆ. ಮೊದಲೆರಡು ವರ್ಷದ ಬಯಾಲಜಿ, ಕೆಮಿಸ್ಟ್ರಿ ಮಾತ್ರ ಎಲ್ಲರಿಗೂ ಒಂದೇ.

ಹಳೇ ಇಂಜಿನಿಯರ್
ಇಷ್ಟೆಲ್ಲ ತಾಪತ್ರಯ ಯಾಕೆ? ಇಂಡಿಯಾಗೆ ಕಳಿಸಿ ಎಂಬಿಬಿಎಸ್ ಮಾಡಿಸಿ, ಐದೂವರೆ ವರ್ಷದಲ್ಲಿ ಡಾಕ್ಟರ್.

ಕಾಫಿ ಮೂರು ಲೋಟ
ಬಂದರಪ್ಪ. ನೀಟ್ ಬರೆಯೋದು ಯಾರು, ನೀವಾ? 2021ರ ಮಾರ್ಚ್ ಆದೇಶದ ನಂತರ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಪಡೆದ ಮಕ್ಕಳಿಗೆ ಎನ್‌ಆರ್‌ಐ ಸೀಟು ಮಾತ್ರ. ವಾಪಸ್ ಬಂದ ಮೇಲೆ ಯುಎಸ್‌ಎಂಎಲ್‌ಇ (ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ) ಬರೆದು ರೆಸಿಡೆನ್ಸಿಗೆ, ಅಂದ್ರೆ ಆಸ್ಪತ್ರೆ ತರಬೇತಿಗೆ ಕಾಯಬೇಕು. ತಾಪತ್ರಯ ಕಡಿಮೆಯಾಗಲ್ಲ, ಜಾಗ ಬದಲಾಗುತ್ತೆ ಅಷ್ಟೇ.

ಎಚ್‌ಫೋರ್ ಅಮ್ಮ
ವಿಷಯ ತಪ್ಪಿಸುತ್ತಿದ್ದೇನೆ ಅನ್ನಬೇಡಿ. ಆದರೆ ಪ್ಲಾನ್ ಮಾಡುವವರು ಕೋರ್ಸಿಗಿಂತ ಮೊದಲು ವೀಸಾ ನೋಡಿಕೊಳ್ಳಿ. ನನ್ನ ಮಗ ಎಚ್-4 (ಅಪ್ಪ-ಅಮ್ಮನ ಕೆಲಸದ ವೀಸಾ ಮೇಲಿನ ಡಿಪೆಂಡೆಂಟ್ ವೀಸಾ), ಈಗ 19. ಗ್ರೀನ್ ಕಾರ್ಡ್ ಸಾಲಿನಲ್ಲಿ ನಾವಿನ್ನೂ ನಿಂತೇ ಇದ್ದೇವೆ. 21 ತುಂಬಿದರೆ ಡಿಪೆಂಡೆಂಟ್ ವೀಸಾ ಇಲ್ಲ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕು. ಹೆಚ್ಚಿನ ಮೆಡಿಕಲ್ ಸ್ಕೂಲುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹೊರದೇಶದವರನ್ನು ತೆಗೆದುಕೊಳ್ಳುವ ಕಡೆಗಳಲ್ಲೂ ಕೆಲವರು ನಾಲ್ಕು ವರ್ಷದ ಹಣ ಮೊದಲೇ ತೋರಿಸಿ ಅಂತಾರೆ. ಸರ್ಕಾರ ಕೊಡುವ ಫೆಡರಲ್ ಸಾಲವೂ ಸಿಗಲ್ಲ.

ಅವನು ಬಯಾಲಜಿ, ಕೆಮಿಸ್ಟ್ರಿ ಎಲ್ಲದರಲ್ಲೂ ಎ. ವೀಸಾದ ಈ ವಿಷಯ ನಮಗೆ ಗೊತ್ತಾಗಿದ್ದು ಅವನ ಎರಡನೇ ವರ್ಷದಲ್ಲಿ, ಅದೂ ಇನ್ಯಾರದೋ ಬಾಯಿಂದ. ಈಗ ಬಯೋಸ್ಟ್ಯಾಟಿಸ್ಟಿಕ್ಸ್ ಕಡೆ ತಿರುಗಿದ್ದಾನೆ. ಓದು ಮುಗಿದ ಮೇಲೆ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು, ಸ್ಟೆಮ್ (ವಿಜ್ಞಾನ-ಗಣಿತದ ವಿಷಯ) ಅಂತ ಇನ್ನೂ 24 ತಿಂಗಳು ಸಿಗುತ್ತದೆ. ಡಾಕ್ಟರ್ ಆಗುವ ಮಾತು ಮನೆಯಲ್ಲಿ ಈಗ ಯಾರೂ ಆಡಲ್ಲ.

ರಾತ್ರಿಪಾಳಿ
ಓದಿ ಹೊಟ್ಟೆ ತೊಳಸಿದ ಹಾಗಾಯಿತು ತಾಯಿ.

ಎಕ್ಸೆಲ್ ಅಪ್ಪ
ಮಗಳು ಇಲ್ಲೇ ಹುಟ್ಟಿದವಳು, ನಮಗೆ ಆ ಕಷ್ಟ ಇಲ್ಲ. ಆದರೂ ಬರೆದದ್ದಕ್ಕೆ ಥ್ಯಾಂಕ್ಸ್ ಅಮ್ಮಾ, ಓದುವ ಬೇರೆಯವರಿಗೆ ಬೇಕಾದ ಮಾತು.

ಬಿಳಿಕೋಟು
ಸಾಲದ ಮಾತು ಬಂತಲ್ಲ, ಸಿಟಿಜನ್ ಮಕ್ಕಳಿಗೂ ನಿಯಮ ಬದಲಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಸಾಲ ಇಲ್ಲ. ಮೆಡಿಕಲ್, ಡೆಂಟಲ್ ಥರದ ಪ್ರೊಫೆಷನಲ್ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಾತ್ರ. ಉಳಿದ ಗ್ರ್ಯಾಜುಯೇಟ್ ಓದಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ಪಿಎ, ಪಿಟಿ ಕಡೆ ಹೋಗುವವರು ತಮ್ಮ ಕೋರ್ಸು ಯಾವ ಗುಂಪಿನಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ತೋಟದ ಮನೆ
ಕಮ್ಯುನಿಟಿ ಕಾಲೇಜಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ದುಡ್ಡು ಉಳಿಯುತ್ತೆ, ಮಾಡಿಸಿ. ನನ್ನ ಮಗಳು ಎರಡು ಕೋರ್ಸು ಅಲ್ಲೇ ಮಾಡಿದ್ದು, ಏನೂ ತೊಂದರೆಯಾಗಲಿಲ್ಲ.

ಕಾಫಿ ಮೂರು ಲೋಟ
ಕಮ್ಯುನಿಟಿ ಕಾಲೇಜು ತಪ್ಪಲ್ಲ, ಅಲ್ಲಿಂದಲೇ ಶುರು ಮಾಡಿ ಡಾಕ್ಟರ್ ಆದವರಿದ್ದಾರೆ. ಆದರೆ ಈ ಕೇಸಿನಲ್ಲಿ ಬೇಡ. ಯೂನಿವರ್ಸಿಟಿಯಲ್ಲಿ ಸಿ ಪ್ಲಸ್ ಬಂದ ತಕ್ಷಣ ಆರ್ಗ್ಯಾನಿಕ್ ಅನ್ನು ಬೇರೆ ಕಡೆ ಮಾಡಿದರೆ ಕಷ್ಟದ್ದನ್ನು ತಪ್ಪಿಸಿಕೊಂಡಳು ಅಂತ ಕಾಣುತ್ತದೆ. ಅದಕ್ಕಿಂತ ಮುಖ್ಯ, ಹದಿನೈದು ವಾರದ ಪಾಠ ಬೇಸಿಗೆಯಲ್ಲಿ ಐದಾರು ವಾರಕ್ಕೆ ಇಳಿಯುತ್ತದೆ. ಕೆಮಿಸ್ಟ್ರಿ ಗಟ್ಟಿ ಇಲ್ಲದವಳಿಗೆ ಅದು ಗಾಯದ ಮೇಲೆ ಬರೆ.

ನನ್ನ ಮಗನ ಕಥೆ ಬೇರೆ. ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಸುಮ್ನೆ ಇರಲಿ ಅಂತ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಗಣಿತದ ಕೋರ್ಸಿಗೆ ಸೇರಿಸಿದೆ. ಟೆನಿಸ್ ಟೂರ್ನಮೆಂಟು, ಅದು ಇದು ಅಂತ ಕೊನೆಗೆ ಸಿ. ಆಗ ಅವನಿಗೆ 16. ಐದು ವರ್ಷ ಆದ ಮೇಲೆ ಆಮ್‌ಕ್ಯಾಸ್ ತುಂಬುವಾಗ ಗೊತ್ತಾಯಿತು, ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜ್ ಕೋರ್ಸೂ ಅದರಲ್ಲಿ ಬರುತ್ತದೆ ಅಂತ. ಗಣಿತ ಬೇರೆ, ಸೈನ್ಸ್ ಜಿಪಿಎಗೇ ಸೇರಿತು. ಅವತ್ತು ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಗುಬ್ಬಚ್ಚಿ
ಅಯ್ಯಯ್ಯೋ. ನಮ್ಮನೆಯಲ್ಲಿ ಒಬ್ಬನನ್ನು ಮುಂದಿನ ತಿಂಗಳು ಹಾಗೇ ಸೇರಿಸುವವರಿದ್ದೆವು!

ಕಾಫಿ ಮೂರು ಲೋಟ
ಸೇರಿಸಿ. ಆದರೆ ಅವನಿಗೆ ಮೊದಲೇ ಹೇಳಿ.

ಸುಮ್ನೆ ಓದೋಳು
ಮೂರನೇ ವರ್ಷದ ಕೊನೆಗೆ ಅರ್ಜಿ ಹಾಕದಿದ್ದರೆ ಲೇಟಾಯಿತು ಅಂತಾರಲ್ಲ, ನಿಜಾನಾ? ಗ್ಯಾಪ್ ಇಯರ್ (ಡಿಗ್ರಿ ಮುಗಿದು ಒಂದು ವರ್ಷ ಬಿಟ್ಟು ಸೇರುವುದು) ಅಂದ್ರೆ ನಮ್ಮೋರು ಫೇಲ್ ಅಂದುಕೊಳ್ಳುತ್ತಾರೆ.

ಜೂನಿಯರ್ ಹುಡುಗಿ
ಆ ಲೆಕ್ಕ ನೋಡಿ ಆಂಟಿ. ಗ್ಯಾಪ್ ಬೇಡ ಅಂದ್ರೆ ಮೂರನೇ ವರ್ಷದ ಸ್ಪ್ರಿಂಗ್‌ನಲ್ಲೇ ಎಂಕ್ಯಾಟ್ ಬರೆಯಬೇಕು. ಏಳೂವರೆ ಗಂಟೆ ಕೂರಬೇಕು, ಕ್ಯಾಲ್ಕುಲೇಟರ್ ಕೊಡಲ್ಲ. ಜೂನ್ ಹೊತ್ತಿಗೆ ಅರ್ಜಿ ಹೋಗಬೇಕು. ಅಂದ್ರೆ ಎಲ್ಲ ಕೋರ್ಸು, ಆಸ್ಪತ್ರೆ ಅನುಭವ, ರಿಸರ್ಚ್ ಎಲ್ಲವನ್ನೂ ಮೂರೇ ವರ್ಷಕ್ಕೆ ತುರುಕಬೇಕು. ಈಗ ಸೇರುವವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಕನಿಷ್ಠ ಒಂದು ವರ್ಷ ಬಿಟ್ಟೇ ಸೇರುವುದು. ನಾನೂ ಬಿಡುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಸುಮ್ನೆ ಓದೋಳು
ಅಮ್ಮನ ಫೋನಿನಲ್ಲೇ ಬರೀತಾ ಇದ್ದೀಯಲ್ಲಮ್ಮ!

ಜೂನಿಯರ್ ಹುಡುಗಿ
ಅಯ್ಯೋ ದೇವರೇ.

ರಾತ್ರಿಪಾಳಿ
ಎಕ್ಸೆಲ್ ಅಪ್ಪ, ಒಂದು ಮಾತು ಕೇಳಲಾ? ಮಗಳು ಯಾವತ್ತಾದರೂ ರೋಗಿಯನ್ನು ಹತ್ತಿರದಿಂದ ನೋಡಿದ್ದಾಳಾ? ಬೇಸಿಗೆಯಲ್ಲಿ ಆರ್ಗ್ಯಾನಿಕ್ ಬದಲು ಸಿಎನ್ಎ ಮಾಡಿಸಿ, ನರ್ಸ್ ಸಹಾಯಕಿ ಕೆಲಸ. ಕಡಿಮೆ ಅಂದರೂ 75 ಗಂಟೆ ತರಬೇತಿ, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ. ಪಿಎಗೆ ಹೋದರೂ ಆ ಗಂಟೆಗಳು ಬೇಕು, ಸಾವಿರದ ಮೇಲೆ ಕೇಳುವ ಕಾಲೇಜುಗಳಿವೆ.

ನಮ್ಮಲ್ಲಿಗೆ ಒಬ್ಬಳು ಹುಡುಗಿ ಬಂದಿದ್ದಳು, ಎಲ್ಲದರಲ್ಲೂ ಎ ಗ್ರೇಡು. ಮೊದಲ ದಿನ ಒಬ್ಬ ಅಜ್ಜನ ಹಾಸಿಗೆ ಬದಲಾಯಿಸಬೇಕಿತ್ತು. ಅಜ್ಜನನ್ನು ನನ್ನ ಕಡೆ ಹೊರಳಿಸಿ ಹಿಡಿದುಕೊಂಡೆ. ಅವಳು ಆ ಬದಿಯಲ್ಲಿ ಒದ್ದೆ ಶೀಟು ಸುತ್ತಿ ಬೆನ್ನಿನ ಕೆಳಗೆ ತೂರಿಸಬೇಕು. ಕೈ ನಡುಗುತ್ತಿತ್ತು. ಅಜ್ಜ ಕಣ್ಣು ಮುಚ್ಚಿಕೊಂಡೇ "ಪರವಾಗಿಲ್ಲ, ನಿಧಾನ" ಅಂದರು. ಅವಳು ಆ ಬೇಸಿಗೆ ಪೂರ್ತಿ ಇದ್ದಳು. ಅವಳ ಜೊತೆ ಬಂದ ಇನ್ನೊಬ್ಬ ಮೂರನೇ ದಿನ ಹೋದ, ಈಗ ಅಕೌಂಟಿಂಗ್ ಮಾಡುತ್ತಿದ್ದಾನಂತೆ, ಸುಖವಾಗಿದ್ದಾನೆ. ಇಬ್ಬರಿಗೂ ಬೇಗ ಗೊತ್ತಾಯಿತು.

ಬಿಳಿಕೋಟು
ಇಂಟರ್‌ವ್ಯೂನಲ್ಲಿ ನಾನು ಕೇಳುತ್ತಿದ್ದುದೂ ಇದನ್ನೇ. ಯಾವ ಕೋರ್ಸ್ ತೆಗೆದುಕೊಂಡೆ ಅಂತ ಯಾವತ್ತೂ ಕೇಳಿಲ್ಲ, ಅದು ಕಾಗದದಲ್ಲೇ ಇರುತ್ತಿತ್ತು.

ಹಳೇ ಇಂಜಿನಿಯರ್
ಇಷ್ಟು ಓದಿದ ಮೇಲೂ ನನ್ನ ಮತ ಬಯಾಲಜಿಗೇ.

ಎಕ್ಸೆಲ್ ಅಪ್ಪ
ಒಂದು ವಾರ ಆಯಿತು, ಆದದ್ದು ಹೇಳ್ತೀನಿ. ಈ ಚರ್ಚೆ ಪೂರ್ತಿ ಅವಳಿಗೆ ಓದಿ ಹೇಳಿದೆ, ಕನ್ನಡ ಓದಲು ಬರಲ್ಲ. ರೈಲಿನ ಮಾತಿಗೆ ನಕ್ಕಳು. ಆಮೇಲೆ "ಅಪ್ಪಾ, ಆ ಶೀಟ್ ನಂಗೆ ಕೊಡು" ಅಂದಳು. ಕೊಟ್ಟೆ. ಮರುದಿನ ನೋಡಿದರೆ ಬಣ್ಣ ಎಲ್ಲ ಹೋಗಿದೆ. ಸ್ಪ್ರಿಂಗ್‌ಗೆ ಕೆಮಿಸ್ಟ್ರಿ 2 ಲ್ಯಾಬ್ ಸಮೇತ, ಸ್ಟ್ಯಾಟಿಸ್ಟಿಕ್ಸ್, ಸೋಶಿಯಾಲಜಿ, ಒಂದು ಸೈಕಾಲಜಿ. ಒಟ್ಟು 13 ಕ್ರೆಡಿಟ್, ಒಂದೇ ಲ್ಯಾಬ್. ಬಯಾಲಜಿ 2 ಮುಂದಿನ ವರ್ಷಕ್ಕೆ ಹೋಗಿದೆ. ಫಿಸಿಕ್ಸ್, ಅನಾಟಮಿ ಎರಡೂ ಮೂರನೇ ವರ್ಷಕ್ಕೆ. ಮೇಜರ್ ಕಾಲಂನಲ್ಲಿ ಸೈಕಾಲಜಿ ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಬೇಸಿಗೆ ಕಾಲಂನಲ್ಲಿ ಸಿಎನ್ಎ. ನಾನು ಒಂದು ಸೆಲ್ ತಿದ್ದಲು ಹೋದರೆ ಆಗ್ತಾ ಇಲ್ಲ. ನನಗೆ ನೋಡುವ ಪರ್ಮಿಷನ್ ಮಾತ್ರ ಕೊಟ್ಟಿದ್ದಾಳೆ.

ಗುಬ್ಬಚ್ಚಿ
ಹ್ಹಹ್ಹಹ್ಹಾ. ಮಗಳು ಗೆದ್ದಳು.

ರಾತ್ರಿಪಾಳಿ
ಸಿಎನ್ಎ ಕ್ಲಾಸಿಗೆ ಶೂ ಈಗಲೇ ನೋಡಿಡಿ. ಬಟ್ಟೆಯದು ಬೇಡ, ಒರೆಸಿದರೆ ಹೋಗುವಂಥದ್ದು ಇರಲಿ. ಅರ್ಧ ಸೈಜ್ ದೊಡ್ಡದೇ ತೆಗೆದುಕೊಳ್ಳಿ, ಸಂಜೆ ಹೊತ್ತಿಗೆ ಪಾದ ಊದುತ್ತೆ.